ಗಿರಾಕಿಯ ನೆನಪಿನಲ್ಲಿ ಉಳಿಯುವುದು ಹೇಗೆ? ಖಡಕ್ ರೊಟ್ಟಿಯಿಂದ ಉದ್ಯಮಬಾಗದ ನೌಕರಿವರೆಗೆ

ಜಮಖಂಡಿಯಲ್ಲಿರುವ ನಮ್ಮ ಚಿಗವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಮಾಡಿ ಮಾರುತ್ತಾಳೆ. ಹೋದ ವರ್ಷ ಊರಿಗೆ ಹೋದಾಗ ಒಲೆ ಮುಂದೆ ಕೂತು ಕೇಳಿದಳು: "ಏನಪಾ, ಮನಶ್ಶಾಸ್ತ್ರ ಓದೇನಿ ಅಂತಿ. ಮಂದಿ ನನ್ನ ರೊಟ್ಟಿ ತಿಂದು ಭಾಳ ಛಲೋ ಅದಾವ ಅಂತಾರ. ಮತ್ತ ಹೊಳ್ಳಿ ಯಾಕ ಬರಂಗಿಲ್ಲ, ಹೇಳು ನೋಡೂಣು."

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ರೊಟ್ಟಿಯಲ್ಲಿ ತಪ್ಪಿಲ್ಲ, ಅದು ನನಗೆ ಗೊತ್ತು. ಎರಡು ದಿನ ಅವಳ ಹತ್ತಿರವೇ ಕೂತು, ಬಂದವರನ್ನೆಲ್ಲ ಮಾತಾಡಿಸಿದೆ. ಬಾಗಲಕೋಟೆ ನವನಗರದಿಂದ ಬಂದಿದ್ದ ಒಬ್ಬ ಅಕ್ಕ ಹೇಳಿದ ಮಾತಿನಲ್ಲಿ ಉತ್ತರ ಇತ್ತು. "ಯಾರೋ ತಂದು ಕೊಟ್ಟಿದ್ರು ರೀ, ಭಾಳ ಛಲೋ ಇದ್ವು. ಎಲ್ಲಿಂದ ತಂದ್ರು ಅಂತ ಗೊತ್ತಾಗಿದ್ದಿಲ್ಲ. ಆರು ತಿಂಗಳ ಆದಮ್ಯಾಲೆ ನಿಮ್ಮ ಮನಿ ಸಿಕ್ತು ನೋಡ್ರಿ."

ಬಿಳಿ ಪ್ಲಾಸ್ಟಿಕ್ ಚೀಲ. ಮೇಲೆ ಹೆಸರಿಲ್ಲ, ಫೋನ್ ನಂಬರಿಲ್ಲ. ರೊಟ್ಟಿ ಬಾಯಿಗೆ ಹಿಡಿಸಿತ್ತು, ತಲೆಯಲ್ಲಿ ಉಳಿದಿರಲಿಲ್ಲ. ಅಲ್ಲಿಂದ ಇಲ್ಲಿವರೆಗೆ ನಾವಿಬ್ಬರೂ ಮಾಡಿದ ಕೆಲಸವೆಲ್ಲ ಒಂದೇ: ತಿಂದವರ ನೆನಪಿನಲ್ಲಿ ಅವಳ ರೊಟ್ಟಿಗೆ ಒಂದು ಜಾಗ ಮಾಡುವುದು. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಿಮ್ಮದು ಖಾನಾವಳಿ ಇರಲಿ, ಸೀರೆ ಅಂಗಡಿ ಇರಲಿ, ನೌಕರಿ ಹುಡುಕಾಟವೇ ಇರಲಿ, ದಾರಿ ಬಹಳ ಬೇರೆ ಏನಿಲ್ಲ.

ನಾಲಿಗೆ ಒಂದೇ ತೀರ್ಮಾನ ಮಾಡುವುದಿಲ್ಲ

2004ರಲ್ಲಿ ಅಮೆರಿಕದ ಹ್ಯೂಸ್ಟನ್‌ನ ಬೇಲರ್ ವೈದ್ಯಕೀಯ ಕಾಲೇಜಿನಲ್ಲಿ ರೀಡ್ ಮಾಂಟೆಗ್ ಮತ್ತು ಅವರ ಸಂಗಡಿಗರು ಕೋಕ್ ಮತ್ತು ಪೆಪ್ಸಿ ಇಟ್ಟುಕೊಂಡು ಒಂದು ಪ್ರಯೋಗ ಮಾಡಿದರು. ಹೆಸರು ಹೇಳದೆ ಕುಡಿಸಿದಾಗ ಎರಡಕ್ಕೂ ಹೆಚ್ಚುಕಡಿಮೆ ಸಮನಾದ ಮೆಚ್ಚುಗೆ ಬಂತು. ಆಮೇಲೆ ಎರಡು ಲೋಟ ಕೊಟ್ಟರು. ಒಂದಕ್ಕೆ ಕೋಕ್ ಹೆಸರಿತ್ತು, ಇನ್ನೊಂದಕ್ಕೆ ಹೆಸರಿರಲಿಲ್ಲ. ಎರಡರಲ್ಲೂ ಇದ್ದದ್ದು ಕೋಕೇ. ಆದರೂ ಜನ ಹೆಸರಿದ್ದ ಲೋಟದ ಕಡೆಗೇ ವಾಲಿದರು. ಮಿದುಳಿನ ಯಾವ ಜಾಗ ಕೆಲಸ ಮಾಡುತ್ತಿದೆ ಎಂದು ತೋರಿಸುವ ಎಫ್‌ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಕುಡಿಸಿದಾಗ, ಕೋಕ್ ಡಬ್ಬದ ಚಿತ್ರ ಕಂಡ ಮೇಲೆ ಬಂದ ಗುಟುಕಿಗೆ ಮಿದುಳಿನ ಹಿಪ್ಪೊಕ್ಯಾಂಪಸ್ ಮತ್ತು ಮುಂಭಾಗದ ಒಂದು ಜಾಗ ಜಾಸ್ತಿ ಕೆಲಸ ಮಾಡಿದವು. ಹಿಪ್ಪೊಕ್ಯಾಂಪಸ್ ಅಂದರೆ ನೆನಪಿಗೆ ಬೇಕೇ ಬೇಕಾದ ಭಾಗ. ಪೆಪ್ಸಿ ಹೆಸರಿಗೆ ಹಾಗೆ ಆಗಲಿಲ್ಲ.

ನಮ್ಮಲ್ಲೂ ಇದು ದಿನಾ ನಡೆಯುತ್ತದೆ ಅಲ್ವಾ? ಅಮೀನಗಡ ಅಂದ ಕೂಡಲೇ ಕರದಂಟು. ಬೆಳಗಾವಿ ಅಂದರೆ ಕುಂದಾ. ಇಂಡಿ ಅಂದರೆ ಲಿಂಬೆ. ಬಾಯಿಗೆ ಇಡುವ ಮೊದಲೇ ಹೆಸರು ಅರ್ಧ ಕೆಲಸ ಮುಗಿಸಿರುತ್ತದೆ.

ಇಲ್ಲೇ ಒಂದು ಎಚ್ಚರಿಕೆ. ಈ ಪ್ರಯೋಗಗಳ ಹೆಸರು ಹೇಳಿ ಏನೇನೋ ಮಾರುವವರು ಈಗ ಜಾಸ್ತಿಯಾಗಿದ್ದಾರೆ. ನಾನೂ ಒಮ್ಮೆ ಬೆಳಗಾವಿಯ ಒಂದು ಹೋಟೆಲಿನಲ್ಲಿ ಎರಡು ದಿನದ ನ್ಯೂರೋ ಮಾರ್ಕೆಟಿಂಗ್, ಅಂದರೆ ಮಿದುಳಿನ ವಿಜ್ಞಾನ ಬಳಸಿ ಮಾರುವ ತರಬೇತಿಗೆ ದುಡ್ಡು ಕಟ್ಟಿದ್ದೆ. ಮನುಷ್ಯ ಮಿದುಳಿನ 10 ಭಾಗದಲ್ಲಿ 1 ಭಾಗ ಮಾತ್ರ ಬಳಸುತ್ತಾನೆ, ಎಡಗಡೆಯದು ಲೆಕ್ಕಕ್ಕೆ, ಬಲಗಡೆಯದು ಕಲೆಗೆ, ತಲೆಯೊಳಗೆ ಒಂದು ಕೊಳ್ಳುವ ಗುಂಡಿ ಇದೆ, ಹೀಗೆ ಹೇಳಿ ಸರ್ಟಿಫಿಕೇಟ್ ಕೊಟ್ಟರು. ಮೂರೂ ಸುಳ್ಳು. ನಮ್ಮ ಹುಡುಗರು ಊರಿಂದ ಬಸ್ ಹಿಡಿದು ಬಂದು ಇಂಥದ್ದಕ್ಕೆ ಸಾವಿರಗಟ್ಟಲೆ ಕಳೆದುಕೊಳ್ಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಯಂತ್ರದ ಚಿತ್ರದಲ್ಲಿ ಮಿದುಳಿನ ಒಂದು ಜಾಗ ಬೆಳಗಿದರೆ ಆ ಮನುಷ್ಯನಿಗೆ ಇಂಥದ್ದೇ ಭಾವನೆ ಬಂತು ಎಂದು ಹೇಳಲು ಬರುವುದಿಲ್ಲ. ಒಂದೊಂದು ಜಾಗವೂ ಹತ್ತಾರು ಕೆಲಸಗಳಲ್ಲಿ ಭಾಗವಹಿಸುತ್ತದೆ. ಈ ತಪ್ಪಿನ ಬಗ್ಗೆ ರಸೆಲ್ ಪೋಲ್ಡ್ರಾಕ್ 2006ರಲ್ಲೇ ಎಚ್ಚರಿಸಿದ್ದರು. ಲೆಕ್ಕಾಚಾರ ಸರಿಯಾಗಿ ಮಾಡದಿದ್ದರೆ ಏನಾಗುತ್ತದೆ ಎಂದು ತೋರಿಸಲು 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಮೀನನ್ನು ಯಂತ್ರದಲ್ಲಿಟ್ಟು ಅದಕ್ಕೆ ಮನುಷ್ಯರ ಫೋಟೊ ತೋರಿಸಿದರು. ಆ ಸತ್ತ ಮೀನಿನ ತಲೆಯಲ್ಲೂ ಚಟುವಟಿಕೆ ಕಂಡಿತು! ಇನ್ನು 1957ರಲ್ಲಿ ಜೇಮ್ಸ್ ವಿಕರಿ ಎಂಬಾತ, ಸಿನಿಮಾದ ನಡುವೆ ಕಣ್ಣಿಗೆ ಕಾಣದಷ್ಟು ಬೇಗ ಜಾಹೀರಾತು ತೋರಿಸಿ ಪಾಪ್‌ಕಾರ್ನ್ ಮಾರಾಟ ಹೆಚ್ಚಿಸಿದೆ ಎಂದು ಹೇಳಿಕೊಂಡಿದ್ದ. ಐದು ವರ್ಷದ ನಂತರ ಅದು ಬರೀ ಪ್ರಚಾರದ ತಂತ್ರವಾಗಿತ್ತು ಎಂದು ಅವನೇ ಒಪ್ಪಿಕೊಂಡ. ಹಾಗಾಗಿ ಯಾರಾದರೂ "ಗಿರಾಕಿಯ ಮಿದುಳಿಗೆ ನೇರವಾಗಿ ಮಾರಾಟ ಮಾಡಿ" ಎಂದರೆ ಅಲ್ಲಿಂದ ಎದ್ದು ಬನ್ನಿ. ನಮಗೆ ಬೇಕಾದ ಜ್ಞಾನ ಅಗ್ಗವಾಗಿದೆ, ಸರಳವಾಗಿದೆ, ಅಂಗಡಿಯಲ್ಲೇ ಪರೀಕ್ಷಿಸಲು ಬರುತ್ತದೆ.

ಒಂದು ಗುರುತು ಹಿಡಿಯಿರಿ, ಅದನ್ನು ಬದಲಿಸಬೇಡಿ

ಮೊದಲ ಕೆಲಸ ಇದು. ನಿಮ್ಮ ಅಂಗಡಿಯ ಎದುರಿನ ರಸ್ತೆ ದಾಟಿ ನಿಂತು ಮೊಬೈಲಿನಲ್ಲಿ ಇಡೀ ಸಾಲಿನ ಫೋಟೊ ತೆಗೆಯಿರಿ. ಫೋಟೊವನ್ನು ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ನಿಮ್ಮ ಅಂಗಡಿ ಯಾವುದು ಎಂದು ನಿಮಗೇ ಗೊತ್ತಾಗದಿದ್ದರೆ ಗಿರಾಕಿಗೆ ಹೇಗೆ ಗೊತ್ತಾಗಬೇಕು? ಬೆಳಗಾವಿಯ ಖಡೇಬಜಾರಿನಲ್ಲಿ ನಿಂತು ನಾನು ಇದನ್ನು ಮಾಡಿ ನೋಡಿದ್ದೇನೆ. ಬೋರ್ಡುಗಳೆಲ್ಲ ಒಂದರೊಳಗೆ ಒಂದು ಕರಗಿಹೋಗಿದ್ದವು. ಕೆಂಪು, ಹಳದಿ, ಮತ್ತೆ ಕೆಂಪು.

ಹೆಡ್ವಿಗ್ ಫಾನ್ ರೆಸ್ಟಾರ್ಫ್ ಎಂಬ ಜರ್ಮನ್ ವಿಜ್ಞಾನಿ 1933ರಲ್ಲೇ ತೋರಿಸಿದ್ದರು: ಒಂದೇ ತರದ ವಸ್ತುಗಳ ಸಾಲಿನಲ್ಲಿ ಬೇರೆಯಾಗಿರುವ ಒಂದು ಚೆನ್ನಾಗಿ ನೆನಪಿರುತ್ತದೆ. ಇದರ ಜೊತೆಗೆ ಇನ್ನೊಂದನ್ನು ಸೇರಿಸಿ. 1968ರಲ್ಲಿ ರಾಬರ್ಟ್ ಜಾಯನ್ಸ್, ಜನರಿಗೆ ಅರ್ಥವೇ ಗೊತ್ತಿಲ್ಲದ ಪದ ಮತ್ತು ಅಕ್ಷರಗಳನ್ನು ಬೇರೆ ಬೇರೆ ಸಲ ತೋರಿಸಿದರು. ಜಾಸ್ತಿ ಸಲ ಕಂಡದ್ದೇ ಅವರಿಗೆ ಹೆಚ್ಚು ಹಿಡಿಸಿತು. ಸುಮ್ನೆ ಮತ್ತೆ ಮತ್ತೆ ಕಂಡರೂ ಸಾಕು, ಪರಿಚಯ ಅನ್ನಿಸುತ್ತದೆ, ಪರಿಚಯದ್ದು ಒಳ್ಳೆಯದು ಅನ್ನಿಸುತ್ತದೆ. ಅಂದರೆ ಬೇರೆಯಾಗಿರಬೇಕು, ಮತ್ತು ಪ್ರತಿ ಸಲವೂ ಅದೇ ಆಗಿರಬೇಕು. ನಮ್ಮ ಕಡೆ ವ್ಯಾಪಾರಸ್ಥರು ಮಾಡುವ ದೊಡ್ಡ ತಪ್ಪು ಎರಡನೆಯದರಲ್ಲಿ. ದೀಪಾವಳಿಗೆ ಒಂದು ಬಣ್ಣ, ಯುಗಾದಿಗೆ ಇನ್ನೊಂದು, ಹೊಸ ಪ್ರಿಂಟಿಂಗ್ ಪ್ರೆಸ್ಸಿನವರು ಹೇಳಿದರು ಎಂದು ಮೂರನೆಯದು. ಮಾಲೀಕರಿಗೆ ತಮ್ಮ ಬೋರ್ಡ್ ದಿನಾ ನೋಡಿ ಬೇಸರ ಬಂದಿರುತ್ತದೆ. ಗಿರಾಕಿ ಅದನ್ನು ಇನ್ನೂ ಸರಿಯಾಗಿ ನೋಡಿಯೇ ಇರುವುದಿಲ್ಲ.

ಚಿಗವ್ವನ ಪ್ಯಾಕೆಟ್ಟಿಗೆ ಗುರುತು ಹುಡುಕಲು ನಾವು ದೂರ ಹೋಗಲಿಲ್ಲ. ಅವಳು ಉಟ್ಟಿದ್ದ ಇಳಕಲ್ ಸೀರೆಯ ಸೆರಗೇ ಇತ್ತು. ಕೆಂಪು ಸೆರಗು, ಅದರಲ್ಲಿ ಬಿಳಿ ತೋಪು ತೆನಿ ವಿನ್ಯಾಸ. ಪ್ಯಾಕೆಟ್ಟಿನ ಕೆಳಗೆ ಅಂಥದ್ದೇ ಒಂದು ಕೆಂಪು ಪಟ್ಟಿ ಬಂತು. ಇಳಕಲ್ ಸೀರೆಗೆ ಜಿಐ, ಅಂದರೆ ಆ ಊರಿನ ಮಾಲಿಗೆ ಕೊಡುವ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಆ ಹೆಸರನ್ನು ರೊಟ್ಟಿಗೆ ಅಂಟಿಸುವುದು ಸರಿಯಲ್ಲ ಎಂದು ಹೆಸರು ಬಳಸಲಿಲ್ಲ. ಅದೇ ಪಟ್ಟಿ ವಾಟ್ಸಾಪ್ ಫೋಟೊದಲ್ಲಿ, ಅದೇ ಪಟ್ಟಿ ಬಾಗಿಲ ಮೇಲಿನ ಬೋರ್ಡಿನಲ್ಲಿ, ಅದೇ ಪಟ್ಟಿ ಹಿಂಡಿ ಡಬ್ಬದ ಮುಚ್ಚಳದಲ್ಲಿ. ಮುಂಭಾಗದಲ್ಲಿ ಬರೆದದ್ದು ಮೂರೇ: ಹೆಸರು, ಒಳಗೇನಿದೆ, ಫೋನ್ ನಂಬರು. ನಮ್ಮ ತಲೆ ಒಂದು ಹೊತ್ತಿಗೆ ನಾಲ್ಕೈದು ವಿಷಯ ಹಿಡಿಯುವುದೇ ಕಷ್ಟ. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನಂಬರು, ತೂಕ, ತಯಾರಿಸಿದ ದಿನ, ಬೆಲೆ, ಇವು ಕಾನೂನಿಗೆ ಬೇಕೇ ಬೇಕು, ಅವು ಹಿಂಭಾಗಕ್ಕೆ ಹೋದವು.

ಯಾವಾಗ ನೆನಪಾಗಬೇಕು?

ನೆನಪು ತಾನಾಗಿ ಎದ್ದು ಬರುವುದಿಲ್ಲ. ಅದನ್ನು ಎಳೆಯಲು ಒಂದು ದಾರ ಬೇಕು. ಮನಶ್ಶಾಸ್ತ್ರದಲ್ಲಿ ಇದಕ್ಕೆ ಸುಳಿವು ಎನ್ನುತ್ತಾರೆ. ಒಂದು ವಿಷಯ ತಲೆಗೆ ಹೋಗುವಾಗ ಜೊತೆಯಲ್ಲಿ ಏನಿತ್ತೋ ಅದು ಮತ್ತೆ ಕಂಡಾಗ ಆ ವಿಷಯ ಸಲೀಸಾಗಿ ಹೊರಬರುತ್ತದೆ. ಎಂಡೆಲ್ ಟುಲ್ವಿಂಗ್ ಮತ್ತು ಡೊನಾಲ್ಡ್ ಥಾಮ್ಸನ್ 1973ರಲ್ಲಿ ಇದನ್ನು ಚೆನ್ನಾಗಿ ವಿವರಿಸಿದರು.

ಮಾಡಬೇಕಾದದ್ದು ಇಷ್ಟೇ. ಹತ್ತು ಗಿರಾಕಿಗಳನ್ನು ಕೇಳಿ: "ಇದು ಇವತ್ತು ಯಾಕ ಬೇಕಾಯ್ತು ರೀ?" ಹೇಗಿದೆ, ಇಷ್ಟ ಆಯ್ತಾ ಎಂದು ಕೇಳಬೇಡಿ. ಎದುರಿಗೆ ನಿಂತವರು ಛಲೋ ಅದ ಅಂತಲೇ ಹೇಳುತ್ತಾರೆ, ಅದು ನಮ್ಮ ಕಡೆಯ ಮರ್ಯಾದೆ. ಯಾಕೆ ಬೇಕಾಯ್ತು ಎಂದು ಕೇಳಿದರೆ ಕಥೆ ಬರುತ್ತದೆ.

ಚಿಗವ್ವನ ಗಿರಾಕಿಗಳು ಹೇಳಿದ್ದು: ಮಗ ಧಾರವಾಡದ ಹಾಸ್ಟೆಲ್‌ಗೆ ಹೊರಟಿದ್ದಾನೆ. ಬಸವ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೋಗಬೇಕು, ದಾರಿಗೆ ಬೇಕು. ಮಗಳು ಪುಣೆಯಲ್ಲಿದ್ದಾಳೆ, ಅಲ್ಲಿ ಇಂಥ ರೊಟ್ಟಿ ಸಿಗುವುದಿಲ್ಲ. ಯಾರೂ ಆರೋಗ್ಯದ ಮಾತೆತ್ತಲಿಲ್ಲ, ನಾರಿನಂಶದ ಮಾತೆತ್ತಲಿಲ್ಲ. ಎಲ್ಲರ ಮಾತಿನಲ್ಲೂ ಊರು ಬಿಟ್ಟು ಹೋಗುವ ಒಬ್ಬರು ಇದ್ದರು. ಅಂದರೆ ಅವಳು ಮಾರುತ್ತಿದ್ದದ್ದು ಬುತ್ತಿ. ಆ ಮಾತು ಸಿಕ್ಕ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಖುಷಿ. ಇಪ್ಪತ್ತು ರೊಟ್ಟಿ, ಎರಡು ತರದ ಹಿಂಡಿ, ಗಟ್ಟಿ ಡಬ್ಬ: ಹಾಸ್ಟೆಲ್ ಬುತ್ತಿ. ಕಾಲೇಜು ಶುರುವಾಗುವ ವಾರ, ಹಬ್ಬದ ರಜೆ ಮುಗಿಯುವ ಹಿಂದಿನ ದಿನ, ಆಗ ಮಾತ್ರ ವಾಟ್ಸಾಪ್ ಸ್ಟೇಟಸ್ ಹಾಕುತ್ತಾಳೆ. ದಿನಾ ಹಾಕುವುದಕ್ಕಿಂತ ಆ ಹೊತ್ತಿಗೆ ಹಾಕುವುದು ಮೇಲು.

ವಾಸನೆಯೂ ಒಂದು ಗಟ್ಟಿ ಸುಳಿವು. ಕಣ್ಣು, ಕಿವಿಯ ಸುದ್ದಿ ಮಿದುಳಿನ ನಡುವಿನ ಥಲಾಮಸ್ ಎಂಬ ಭಾಗ ದಾಟಿ ಹೋಗಬೇಕು. ವಾಸನೆಯ ಸುದ್ದಿ ಆ ಸುತ್ತು ಹಾಕದೆ ಭಾವನೆ ಮತ್ತು ನೆನಪಿನ ಭಾಗಗಳ ಹತ್ತಿರಕ್ಕೆ ಬೇಗ ತಲುಪುತ್ತದೆ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಮಳಿಗೆ ಹಾಕುವವರು ಶೇಂಗಾ ಹುರಿಯುವ ಕೆಲಸ ಹಿಂದುಗಡೆ ಇಟ್ಟುಕೊಳ್ಳಬೇಡಿ, ಮುಂದೆ ತನ್ನಿ.

ಬೆಲೆ, ಮತ್ತು ಬೆಲೆಯ ಹಿಂದಿನ ಹೆದರಿಕೆ

ಚಿಗವ್ವ ಬೆಲೆ ಏರಿಸಲು ತುಂಬಾ ಹೆದರುತ್ತಿದ್ದಳು. 2008ರಲ್ಲಿ ಹಿಲ್ಕೆ ಪ್ಲಾಸ್ಮನ್ ಮತ್ತು ಸಂಗಡಿಗರು ಒಂದೇ ವೈನಿಗೆ ಒಮ್ಮೆ 10 ಡಾಲರ್, ಒಮ್ಮೆ 90 ಡಾಲರ್ ಎಂದು ಹೇಳಿ 20 ಜನರಿಗೆ ಯಂತ್ರದೊಳಗೆ ಕುಡಿಸಿದರು. ಬೆಲೆ ಜಾಸ್ತಿ ಎಂದಾಗ ರುಚಿಯೂ ಜಾಸ್ತಿ ಎಂದರು. ಸುಖದ ಅನುಭವಕ್ಕೆ ಸಂಬಂಧಿಸಿದ ಮಿದುಳಿನ ಭಾಗವೂ ಜಾಸ್ತಿ ಕೆಲಸ ಮಾಡಿತು. ಇದನ್ನು ಓದಿ ಸುಮ್ನೆ ಬೆಲೆ ಏರಿಸಿ ಕೂರಬೇಡಿ. ನಾನು ತೆಗೆದುಕೊಂಡ ಪಾಠ ಬೇರೆ: ತೀರಾ ಕಡಿಮೆ ಬೆಲೆ ನಿಮ್ಮ ಒಳ್ಳೆ ಮಾಲಿನ ಬಗ್ಗೆ ಅನುಮಾನ ಹುಟ್ಟಿಸಬಹುದು.

ಗಿರಾಕಿಯ ತಲೆಯಲ್ಲಿ ಬೆಲೆಗಿಂತ ದೊಡ್ಡದಾಗಿ ಕೂತಿರುವುದು ನಷ್ಟದ ಹೆದರಿಕೆ. ಡೇನಿಯಲ್ ಕಾನಮನ್ ಮತ್ತು ಏಮೋಸ್ ಟ್ವರ್ಸ್ಕಿ 1979ರಲ್ಲಿ ಹೇಳಿದ್ದು ಇದನ್ನೇ. ನೂರು ರೂಪಾಯಿ ಸಿಕ್ಕಾಗ ಆಗುವ ಖುಷಿಗಿಂತ ನೂರು ರೂಪಾಯಿ ಕಳೆದಾಗ ಆಗುವ ಸಂಕಟ ಜಾಸ್ತಿ. ಇಂಥ ಕೆಲಸಕ್ಕೇ ಕಾನಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಹಾಗಾಗಿ ಬೆಲೆ ಇಳಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಮನುಷ್ಯ ಏನು ಕಳೆದುಕೊಳ್ಳಲು ಹೆದರುತ್ತಿದ್ದಾನೆ? ರೊಟ್ಟಿಯಲ್ಲಿ ಹೆದರಿಕೆ ಒಂದೇ. ಕೊರಿಯರ್‌ನಲ್ಲಿ ಪುಡಿಯಾಗಿ ಬಂದರೆ? ಆದ್ದರಿಂದ ಪ್ಯಾಕೆಟ್ಟಿನ ಮೇಲೆ ಬರೆಸಿದೆವು: "ಮುರಿದು ಬಂದ್ರ ಫೋಟೊ ಕಳಸ್ರಿ, ಹೊಸಾವು ಕಳಸ್ತೀವಿ." ಆಮೇಲೆ 10 ರೊಟ್ಟಿಯ ಬೆಲೆ 60ರಿಂದ 80 ರೂಪಾಯಿ ಆಯಿತು. ಸೀರೆ ಅಂಗಡಿಯಲ್ಲಿ ಬಣ್ಣ ಹೋಗುವ ಹೆದರಿಕೆ ಇರುತ್ತದೆ, ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಮತ್ತೆ ಸುಟ್ಟೀತು ಎಂಬ ಹೆದರಿಕೆ. ನಿಮ್ಮದನ್ನು ಹುಡುಕಿ, ಅದಕ್ಕೆ ಉತ್ತರ ಬರೆದು ಅಂಟಿಸಿ, ಬರೆದದ್ದನ್ನು ನಡೆಸಿಕೊಡಿ.

ಸುಳ್ಳು ಹೆದರಿಕೆ ಹುಟ್ಟಿಸುವುದು ಮಾತ್ರ ಬೇಡ. ಇನ್ನು ಎರಡೇ ಉಳಿದಿವೆ, ಹತ್ತು ನಿಮಿಷದಲ್ಲಿ ಆಫರ್ ಮುಗಿಯುತ್ತದೆ, ಇಂಥದ್ದನ್ನೆಲ್ಲ ಆನ್‌ಲೈನ್‌ನಲ್ಲಿ ಮಾಡುವುದರ ವಿರುದ್ಧ ಕೇಂದ್ರ ಸರಕಾರ 2023ರಲ್ಲಿ ಮಾರ್ಗಸೂಚಿ ತಂದಿದೆ. ಅದರಲ್ಲಿ 13 ತರದ ಮೋಸಗಳ ಪಟ್ಟಿ ಇದೆ. ಕಾನೂನು ಇರಲಿ ಬಿಡಲಿ, ಜಮಖಂಡಿಯಂಥ ಊರಿನಲ್ಲಿ ಒಂದು ಸುಳ್ಳು ಸಂತೆ ಮುಗಿಯುವುದರೊಳಗೆ ಊರೆಲ್ಲ ಗೊತ್ತಾಗುತ್ತದೆ.

ಕೊಸರಿನ ವಿಜ್ಞಾನ

ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಸಂತೆಯಲ್ಲಿ ಕಾಯಿಪಲ್ಲೆ ತೂಗಿದ ಮೇಲೆ ಮಾರುವ ಅವ್ವ ಮೇಲೊಂದು ಹಿಡಿ ಕೊತ್ತಂಬರಿ ಹಾಕುತ್ತಾಳಲ್ಲ, ಆ ಕೊಸರು. ಅದರಲ್ಲಿ ಎಷ್ಟು ಜಾಣತನ ಇದೆ ಎಂದು ನನಗೆ ಗೊತ್ತಾದದ್ದು ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಅವರ ಪ್ರಯೋಗಗಳನ್ನು ಓದಿದ ಮೇಲೆ.

ಅವರು ಮಂಗಗಳ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುವ ಜೀವಕೋಶಗಳು ಯಾವಾಗ ಮಿಡಿಯುತ್ತವೆ ಎಂದು ನೋಡಿದರು. ನಿರೀಕ್ಷೆ ಇಲ್ಲದಾಗ ಹಣ್ಣಿನ ರಸದ ಹನಿ ಬಿದ್ದರೆ ಜೀವಕೋಶ ಜೋರಾಗಿ ಮಿಡಿಯಿತು. ಹನಿಗೆ ಮೊದಲು ಪ್ರತಿ ಸಲ ಒಂದು ಸೂಚನೆ ಕೊಡುತ್ತಾ ಹೋದಾಗ ಆ ಮಿಡಿತ ಸೂಚನೆಯ ಹೊತ್ತಿಗೆ ಸರಿಯಿತು. ಹನಿ ಬಿದ್ದಾಗ ವಿಶೇಷ ಏನೂ ಆಗಲಿಲ್ಲ, ಯಾಕೆಂದರೆ ಅದು ಬರುವುದು ಗೊತ್ತಿತ್ತು. ಸೂಚನೆ ಕೊಟ್ಟು ಹನಿ ಕೊಡದೆ ಬಿಟ್ಟಾಗ, ಸರಿಯಾಗಿ ಆ ಹೊತ್ತಿಗೆ ಮಿಡಿತ ಮಾಮೂಲಿಗಿಂತ ಕೆಳಗೆ ಬಿತ್ತು. 1997ರಲ್ಲಿ ಶುಲ್ಟ್ಸ್, ಪೀಟರ್ ಡಯಾನ್ ಮತ್ತು ಮೇಲೆ ಹೇಳಿದ ಅದೇ ಮಾಂಟೆಗ್ ಸೇರಿ ಇದನ್ನು ವಿವರಿಸಿದರು. ಡೋಪಮೈನ್ ಅಂದರೆ ಸುಖದ ರಸ ಎಂದು ಎಲ್ಲೆಲ್ಲೂ ಬರೆಯುತ್ತಾರೆ. ಈ ಜೀವಕೋಶಗಳು ತೋರಿಸುತ್ತಿದ್ದದ್ದು ನಿರೀಕ್ಷೆಗೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸವನ್ನು.

ಈಗ ಕೊಸರಿಗೆ ಬನ್ನಿ. ಮಂಗನ ಜೀವಕೋಶದಿಂದ ಗಿರಾಕಿಯ ಮನಸ್ಸಿಗೆ ನೇರ ರಸ್ತೆ ಇಲ್ಲ, ಆದರೆ ನಾನು ಅಂಗಡಿಗಳಲ್ಲಿ ಕಂಡದ್ದು ಇದಕ್ಕೆ ಸರಿ ಹೊಂದುತ್ತದೆ. ಹೇಳದೇ ಕೊಟ್ಟ ಕೊಸರಿಗೆ ಮುಖ ಅರಳುತ್ತದೆ. ಪ್ರತಿ ಸಲ ಕೊಟ್ಟರೆ ಅದು ಹಕ್ಕಾಗುತ್ತದೆ. ಒಂದು ದಿನ ತಪ್ಪಿದರೆ "ಯಾಕ್ರಿ, ಇವತ್ತ ಕೊತ್ತಂಬರಿ ಇಲ್ಲೇನು?" ಎಂಬ ಜಗಳ. ಚಿಗವ್ವ ಮೊದಲು ಎಲ್ಲರಿಗೂ ಎರಡು ರೊಟ್ಟಿ ಜಾಸ್ತಿ ಹಾಕುತ್ತಿದ್ದಳು. ಯಾರೂ ಎಣಿಸುತ್ತಿರಲಿಲ್ಲ, ಎಣಿಸಿದವರು 12 ಇರುವುದೇ ನಿಯಮ ಎಂದುಕೊಂಡಿದ್ದರು. ಅದನ್ನು ನಿಲ್ಲಿಸಿ, ಕೆಲವು ಸಲ ಕೆಲವು ಡಬ್ಬದಲ್ಲಿ ಒಂದು ಚಿಕ್ಕ ಪೊಟ್ಟಣ ಗುರೆಳ್ಳ ಹಿಂಡಿ ಇಡಲು ಶುರು ಮಾಡಿದಳು. ಹೇಳದೇ. ಮೇಲೆ ಅವಳದೇ ಕೈಬರಹದಲ್ಲಿ, "ರುಚಿ ನೋಡ್ರಿ." ಆ ಪೊಟ್ಟಣದ ಬಗ್ಗೆ ಬಂದಷ್ಟು ಫೋನ್ ಬೇರೆ ಯಾವುದಕ್ಕೂ ಬಂದಿಲ್ಲ. ಕೇಳಿ ತರಿಸಿಕೊಳ್ಳುವವರೂ ಹುಟ್ಟಿಕೊಂಡರು.

ಇದೇ ಲೆಕ್ಕ ಮಾತು ಕೊಡುವುದಕ್ಕೂ ಹೊಂದುತ್ತದೆ. ಮೂರು ದಿನ ಹಿಡಿಯುವ ಕೆಲಸಕ್ಕೆ ನಾಲ್ಕು ದಿನ ಎಂದು ಹೇಳಿ ಮೂರಕ್ಕೆ ಕೊಡಿ. ನಾಳೆ ಬರ್ರಿ, ನಾಡಿದ್ದು ಬರ್ರಿ ಎಂದು ಓಡಾಡಿಸುವ ದರ್ಜಿ ಎಷ್ಟೇ ಚೆನ್ನಾಗಿ ಹೊಲಿಯಲಿ, ನಮಗೆ ನೆನಪಿರುವುದು ಓಡಾಟ.

ಕೊನೆಯ ಐದು ನಿಮಿಷ

1993ರಲ್ಲಿ ಕಾನಮನ್ ಮತ್ತು ಸಂಗಡಿಗರು ಜನರ ಕೈಯನ್ನು 14 ಡಿಗ್ರಿಯ ತಣ್ಣೀರಿನಲ್ಲಿ ಒಂದು ನಿಮಿಷ ಇಡಿಸಿದರು. ಇನ್ನೊಂದು ಸಲ ಅದೇ ಒಂದು ನಿಮಿಷ, ಅದರ ಮೇಲೆ ಇನ್ನೂ ಅರ್ಧ ನಿಮಿಷ, ಆ ಅರ್ಧ ನಿಮಿಷದಲ್ಲಿ ನೀರು ನಿಧಾನಕ್ಕೆ 15 ಡಿಗ್ರಿಗೆ ಏರಿತು. ಯಾವುದನ್ನು ಮತ್ತೆ ಮಾಡುತ್ತೀರಿ ಎಂದು ಕೇಳಿದರೆ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು. ಕೊನೆ ಸ್ವಲ್ಪ ಹಿತವಾಗಿತ್ತಲ್ಲ, ಅದಕ್ಕೆ. ನಮಗೆ ನೆನಪಿರುವುದು ಅತಿ ಜೋರಾದ ಗಳಿಗೆ ಮತ್ತು ಕೊನೆಯ ಗಳಿಗೆ.

ಖಾನಾವಳಿಗಳಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಎಲ್ಲ ಚೆನ್ನಾಗಿ ಬಡಿಸಿ, ಕೊನೆಗೆ ಕೈ ತೊಳೆಯುವ ಜಾಗ ಹೊಲಸು, ಗಲ್ಲಾದಲ್ಲಿ ಕೂತವರು ಮುಖ ಎತ್ತದೆ ಚಿಲ್ಲರೆ ಎಸೆಯುತ್ತಾರೆ. ಅಲ್ಲೇ ಎಲ್ಲ ಹೋಯಿತು. ಕೈ ತೊಳೆಯುವ ಜಾಗ ಸ್ವಚ್ಛ ಮಾಡಿ, ಒಂದು ಲೋಟ ಮಜ್ಜಿಗೆ ಕೊನೆಗೆ ಇಡಿ, ಬಡೇಸೋಪಿನ ತಟ್ಟೆ ತುಂಬಿರಲಿ, "ಹೋಗಿ ಬರ್ರಿ" ಎಂದು ಮುಖ ನೋಡಿ ಹೇಳಿ. ಇದಕ್ಕೆ ಖರ್ಚು ತೀರಾ ಕಡಿಮೆ.

ಎಣಿಸಿ ನೋಡಿ

ಯಾವ ಪ್ರಯೋಗವನ್ನೂ ಕಣ್ಣು ಮುಚ್ಚಿ ನಂಬಬೇಡಿ, ಹೆಸರುವಾಸಿಯಾದದ್ದನ್ನಂತೂ ಮೊದಲೇ ಬೇಡ. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ 2000ದಲ್ಲಿ ಪ್ರಕಟಿಸಿದ ಜಾಮ್ ಪ್ರಯೋಗ ನೀವು ಕೇಳಿರಬಹುದು. ಅಂಗಡಿಯಲ್ಲಿ 24 ತರದ ಜಾಮ್ ಇಟ್ಟಾಗ ನೋಡಲು ನಿಂತವರಲ್ಲಿ ನೂರಕ್ಕೆ 3 ಜನ ಕೊಂಡರು, 6 ತರ ಇಟ್ಟಾಗ 30 ಜನ. ಆದರೆ 2010ರಲ್ಲಿ ಇಂಥ 50 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದಾಗ ಸರಾಸರಿ ಪರಿಣಾಮ ಸೊನ್ನೆಯ ಹತ್ತಿರ ಇತ್ತು. ಕೆಲವು ಕಡೆ ಕಡಿಮೆ ಆಯ್ಕೆ ಒಳ್ಳೆಯದು, ಕೆಲವು ಕಡೆ ಜಾಸ್ತಿ ಆಯ್ಕೆ ಒಳ್ಳೆಯದು. ಮದುವೆ ಜವಳಿಗೆ ಬಂದ ಮನೆಯವರ ಮುಂದೆ ಆರು ಸೀರೆ ಹರವಿದರೆ ಎದ್ದು ಪಕ್ಕದ ಅಂಗಡಿಗೆ ಹೋಗುತ್ತಾರೆ. ರೈಲಿನ ಹೊತ್ತಾಗಿದೆ ಎಂದು ಓಡಿ ಬಂದವರಿಗೆ ಹನ್ನೆರಡು ತರದ ಹಿಂಡಿ ತೋರಿಸಿದರೆ ತಲೆ ಕೆಡುತ್ತದೆ.

ಹಾಗಾಗಿ ಲೆಕ್ಕದ ವಹಿಯ ಕೊನೆ ಪುಟ ತೆಗೆಯಿರಿ. ಒಂದೇ ಒಂದು ಬದಲಾವಣೆ ಆರಿಸಿ. ಒಂದು ವಾರ ಹಳೆಯ ತರ, ಒಂದು ವಾರ ಹೊಸ ತರ, ಹೀಗೆ ಆರೆಂಟು ವಾರ. ಬಂದವರೆಷ್ಟು, ಕೊಂಡವರೆಷ್ಟು, ಎರಡೇ ಗೀಟು. ಜಾತ್ರೆ, ಹಬ್ಬದ ವಾರ ಬಿಟ್ಟುಬಿಡಿ. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದಿಲ್ಲ. ವ್ಯತ್ಯಾಸ ಮೂರು ನಾಲ್ಕು ಗಿರಾಕಿಯಷ್ಟೇ ಇದ್ದರೆ ಅದು ಸುಮ್ನೆ ಏರಿಳಿತ ಎಂದು ತಿಳಿದು ಬಿಡಿ.

ನೌಕರಿ ಹುಡುಕುವ ತಮ್ಮನಿಗೆ ಇದನ್ನೇ ಹೇಳಿದೆ

ಚಿಗವ್ವನ ಮಗ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಬೆಳಗಾವಿಯ ಕಾರ್ಖಾನೆಗಳ ಪ್ರದೇಶವಾದ ಉದ್ಯಮಬಾಗದಲ್ಲಿ ಕೆಲಸ ಹುಡುಕುತ್ತಿದ್ದ. ಬಯೋಡೇಟಾ ನಾಲ್ಕು ಪುಟ. ಕಷ್ಟಪಟ್ಟು ದುಡಿಯುವವನು, ತಂಡದಲ್ಲಿ ಹೊಂದಿಕೊಳ್ಳುವವನು, ಎಲ್ಲರೂ ಬರೆಯುವುದನ್ನೇ ಬರೆದಿದ್ದ. ಬಿಳಿ ಪ್ಲಾಸ್ಟಿಕ್ ಚೀಲದ ಕಥೆಯೇ ಇದು. "ನಿನ್ನ ಒಂದ ಕೆಲಸ ಹೇಳು, ಅದನ್ನ ಕೇಳಿದ್ರ ನೀನ ನೆನಪಾಗಬೇಕು" ಅಂದೆ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇತಿನ ಸೆಟ್ಟಿಂಗ್ ಅವನಿಗೆ ಚೆನ್ನಾಗಿ ಬರುತ್ತದೆ. ಅದು ಮೊದಲ ಸಾಲಿಗೆ ಬಂತು, ಬಯೋಡೇಟಾ ಒಂದೇ ಪುಟವಾಯಿತು.

ಯಾರಿಗೆ ಕಳಿಸಬೇಕು? ಹತ್ತಿರದ ಗೆಳೆಯರಿಗೆ ಗೊತ್ತಿರುವ ಸುದ್ದಿ ನಿಮಗೂ ಗೊತ್ತಿರುತ್ತದೆ. ಮಾರ್ಕ್ ಗ್ರಾನೊವೆಟರ್ 1973ರಲ್ಲಿ ತೋರಿಸಿದ್ದು ಇದನ್ನು. ಪರಿಚಯದಿಂದ ಕೆಲಸ ಸಿಕ್ಕವರನ್ನು ಕೇಳಿದಾಗ, ಆ ಪರಿಚಯದವರನ್ನು ಪದೇ ಪದೇ ಭೇಟಿಯಾಗುತ್ತಿದ್ದವರು ನೂರಕ್ಕೆ 17ರಷ್ಟು ಮಾತ್ರ. ಉಳಿದವರೆಲ್ಲ ಅವರನ್ನು ಆಗೊಮ್ಮೆ ಈಗೊಮ್ಮೆ ಇಲ್ಲವೇ ಅಪರೂಪಕ್ಕೆ ಕಾಣುತ್ತಿದ್ದವರು. 2022ರಲ್ಲಿ ಲಿಂಕ್ಡ್‌ಇನ್‌ನ 2 ಕೋಟಿ ಜನರ ಮೇಲೆ ನಡೆದ ಅಧ್ಯಯನದಲ್ಲೂ ತೀರಾ ಹತ್ತಿರದವರಿಗಿಂತ ಸ್ವಲ್ಪ ದೂರದ ಪರಿಚಯವೇ ಹೆಚ್ಚು ಕೆಲಸಕ್ಕೆ ಬಂತು. ಹಾಗಾಗಿ ಎರಡು ವರ್ಷ ಮುಂದಿದ್ದ ಸೀನಿಯರ್, ಅಪ್ರೆಂಟಿಸ್ ಮಾಡಿದಲ್ಲಿಯ ಸ್ಟೋರ್ ಕೀಪರ್, ಮಾಮಾನ ಗೆಳೆಯ, ಇಂಥ 30 ಹೆಸರು ಬರೆಯಿರಿ. ನಾಳೆಯಿಂದ ಮಾಡುತ್ತೇನೆ ಅಂದರೆ ಆಗುವುದಿಲ್ಲ. ಮಂಗಳವಾರ, ಶುಕ್ರವಾರ ಸಂಜೆ ಚಹಾ ಕುಡಿದ ಕೂಡಲೇ ಇಬ್ಬರಿಗೆ ಫೋನ್, ಹೀಗೆ ಹೊತ್ತಿಗೆ ಕಟ್ಟಿಹಾಕಿ. ಯಾವಾಗ, ಎಲ್ಲಿ ಎಂದು ಮೊದಲೇ ಗೊತ್ತುಮಾಡಿದ ಕೆಲಸ ಆಗುವ ಸಾಧ್ಯತೆ ಜಾಸ್ತಿ ಎಂದು ಪೀಟರ್ ಗೋಲ್‌ವಿಟ್ಸರ್ ತೋರಿಸಿದ್ದಾರೆ.

ಸಂದರ್ಶನದಲ್ಲಿ ಮಾಲೀಕರ ಹೆದರಿಕೆ ಏನು? ಈ ಹುಡುಗ ಪೀಸ್ ಕೆಡಿಸಿ ಮಾಲು ಹಾಳು ಮಾಡಿದರೆ? ತಮ್ಮ ತಾನೇ ಮಾಡಿದ ಒಂದು ಪೀಸ್ ಮತ್ತು ಅದರ ಡ್ರಾಯಿಂಗ್ ತೆಗೆದುಕೊಂಡು ಹೋದ. ಸೂಪರ್‌ವೈಸರ್ ಮೈಕ್ರೊಮೀಟರ್ ಹಿಡಿದು ಅಳೆದರು. ಇಂಗ್ಲಿಷ್ ಬರುವುದಿಲ್ಲ ಎಂಬ ಅವನ ಚಿಂತೆ ಆ ಹೊತ್ತಿಗೆ ಯಾರಿಗೂ ನೆನಪಾಗಲಿಲ್ಲ. ಎದೆ ಹೊಡೆದುಕೊಳ್ಳುವುದಕ್ಕೂ ಒಂದು ಉಪಾಯ ಇದೆ. ಶಾಂತವಾಗು ಎಂದು ಹೇಳಿಕೊಳ್ಳುವ ಬದಲು "ನನಗೆ ಹುರುಪು ಬಂದೈತಿ" ಎಂದು ಹೇಳಿಕೊಂಡವರು ಚೆನ್ನಾಗಿ ಮಾತಾಡಿದರು ಎಂದು ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಕಂಡರು. ಕೊನೆಯ ಗಳಿಗೆ ಮರೆಯಬೇಡಿ: ಏಳುವ ಮೊದಲು ಒಂದು ಒಳ್ಳೆ ಪ್ರಶ್ನೆ ಕೇಳಿ, ಮರುದಿನ ಎರಡು ಸಾಲಿನ ಸಂದೇಶ ಕಳಿಸಿ.

ಇದೇ ವಿಷಯದಲ್ಲಿ ಮುಂದೆ ಹೋಗಬೇಕು ಎನ್ನುವವರಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಇದೆ. ಗ್ರಾಹಕ ಸಂಶೋಧನೆ, ಆ್ಯಪ್ ಬಳಕೆದಾರರ ಅಧ್ಯಯನ, ಜಾಹೀರಾತು, ಮಾನವ ಸಂಪನ್ಮೂಲ, ಇವು ಕೆಲಸದ ದಾರಿಗಳು. ಸಂಖ್ಯಾಶಾಸ್ತ್ರ ಕಲಿಯಿರಿ, ಅದನ್ನು ತಪ್ಪಿಸಿಕೊಳ್ಳಲು ಬರುವುದಿಲ್ಲ. ಅದಕ್ಕೆ ಜಾಸ್ಪ್, ಜಮೋವಿ ಎಂಬ ಎರಡು ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ಕನ್ನಡ, ಮರಾಠಿ ಎರಡರಲ್ಲೂ ಹಳ್ಳಿಯ ಮಂದಿಯ ಹತ್ತಿರ ಕೂತು ಮಾತಾಡಿಸಲು ಬರುವವರು ದೊಡ್ಡ ಕಂಪನಿಗಳಿಗೆ ಸುಲಭಕ್ಕೆ ಸಿಗುವುದಿಲ್ಲ, ನಮ್ಮ ಕಡೆಯವರಿಗೆ ಅದು ಹುಟ್ಟಿನಿಂದಲೇ ಬಂದಿದೆ. ಮೊದಲ ಅಭ್ಯಾಸಕ್ಕೆ ಪರಿಚಯದ ಅಂಗಡಿಯೊಂದರಲ್ಲಿ ಮಾಲೀಕರ ಒಪ್ಪಿಗೆ ಪಡೆದು ಎರಡು ತಾಸು ಕೂತುಕೊಳ್ಳಿ. ಬಂದವರಲ್ಲಿ ಹತ್ತು ಜನರಿಗೆ "ಇದು ಇವತ್ತು ಯಾಕ ಬೇಕಾಯ್ತು ರೀ?" ಎಂಬ ಆ ಒಂದೇ ಪ್ರಶ್ನೆ ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ಹೊರಡುವ ಮೊದಲು ಮಾಲೀಕರಿಗೆ ಓದಿ ಹೇಳಿ.